ಅವಳ ಹೆಸರಿನ ಕಣಜ

ಮದುವೆ ಬೇಡವೆಂದು ಕೂತ ಹೆಂಗಸೊಬ್ಬಳು ಇಡೀ ಆಯುಷ್ಯವನ್ನು ಗಂಡುಗಳ ಜನನಾಂಗ ನೋಡುವುದರಲ್ಲೇ ಕಳೆದಳು ಎಂದರೆ ಕೇಳಿದವರು ಮೊದಲು ಕಿವಿ ಮುಚ್ಚಿಕೊಳ್ಳುತ್ತಾರೆ, ಆಮೇಲೆ ಬೆರಳು ಕೊಂಚ ಸಡಿಲಿಸಿ ಮುಂದೇನಾಯಿತು ಎಂದು ವಿಚಾರಿಸುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಂಡುಗಳೆಂದರೆ ಕಣಜದ ಹುಳುಗಳ ಗಂಡುಗಳು. ಸೂರಿನ ಕೆಳಗೆ, ಕಿಟಕಿಯ ಮೂಲೆಯಲ್ಲಿ, ಮರದ ನಾರು ಅಗಿದು ಕಾಗದದಂಥ ಗೂಡು ಕಟ್ಟಿಕೊಂಡು ಒಟ್ಟಾಗಿ ಬಾಳುತ್ತವಲ್ಲ, ಆ ಕಣಜಗಳು. ಅವುಗಳ ಗಂಡಿನ ಬಾಲದ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕದಾದ ಕಂದು ಬಣ್ಣದ ಚಿಪ್ಪೊಂದು ಅಡಗಿರುತ್ತದೆ. ಅದನ್ನು ಬಿಡಿಸಿ ನೋಡುವುದು ಆಕೆಯ ಉದ್ಯೋಗ. ಸಂಬಳ ಬರುವ, ರಜೆ ಸಿಗುವ, ನಿವೃತ್ತಿಯೂ ಇರುವ ಉದ್ಯೋಗ.

ವಸ್ತುಸಂಗ್ರಹಾಲಯದ ಕಾವಲುಗಾರನಿಗೆ ಎಲ್ಲರಿಗೂ ಒಂದೊಂದು ಅಡ್ಡಹೆಸರು ಇಡುವ ಚಟ. ಆಕೆಗೆ ಇಟ್ಟದ್ದು ಕಣಜಮ್ಮ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ ಕರೆಯತೊಡಗಿದರು, ಈಗ ಟಪಾಲಿನವನೂ ಬಾಗಿಲಲ್ಲಿ ನಿಂತು ಹಾಗೆಯೇ ಕೂಗುತ್ತಾನೆ. ನಿಜವಾದ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಅಕ್ಕನೊಬ್ಬಳು ಇದ್ದಳು, ಅವಳಿಗೂ 'ಲೇ' ಎಂಬುದೇ ಸಾಕಾಗಿತ್ತು.

ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಆಕೆಯ ವಾಸ. ಊಟದ ಮೇಜಿನ ಮೇಲೆ ಪುಸ್ತಕಗಳು ಕೂತು ಯಾವ ಕಾಲವಾಯಿತೋ, ಆಕೆ ಒಲೆಯ ಪಕ್ಕದಲ್ಲೇ ನಿಂತು ತಿಂದು ತಟ್ಟೆ ತೊಳೆದುಬಿಡುತ್ತಿದ್ದಳು. ಭಾನುವಾರ ಬಂದರೆ ಏನೋ ತುರ್ತು ಕೆಲಸವಿದೆ ಎಂದು ವಸ್ತುಸಂಗ್ರಹಾಲಯಕ್ಕೆ ಹೊರಡುತ್ತಿದ್ದಳು. ಸತ್ತು ಒಣಗಿದ ಹುಳುಗಳಿಗೆ ತುರ್ತು ಎಲ್ಲಿಂದ ಬರಬೇಕು? ಕಾವಲುಗಾರನಿಗೂ ಅದು ಗೊತ್ತಿತ್ತು, ಆದರೂ ಬೀಗ ತೆಗೆಯುತ್ತಿದ್ದ. ಆಕೆಗೆ ಒಂಟಿತನ ಕಾಡುತ್ತಿತ್ತು, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ಮಹಡಿಯ ಕೊನೆಯ ಆ ಕೋಣೆಯಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂತರೆ ಅದು ಕೊಂಚ ದೂರ ಸರಿದು ನಿಲ್ಲುತ್ತಿತ್ತು.

ಕಣಜಗಳ ಸಂಸಾರದಲ್ಲಿ ಎಲ್ಲವೂ ಹೆಣ್ಣುಗಳದ್ದೇ. ಗೂಡು ಕಟ್ಟುವುದು, ಮರಿಗಳಿಗೆ ತಿನ್ನಿಸುವುದು, ತಂಟೆಗೆ ಬಂದವರನ್ನು ಚುಚ್ಚುವುದು, ಎಲ್ಲ. ಗಂಡಿಗೆ ಚುಚ್ಚುವ ಮುಳ್ಳೇ ಇಲ್ಲ. ಗಂಡಿನ ಬೀಜ ಸೇರದ ಮೊಟ್ಟೆಯಿಂದ ಹುಟ್ಟುವುದರಿಂದ ಅವನಿಗೆ ತಾಯಿ ಇದ್ದಾಳೆ, ತಾಯಿಯ ಅಪ್ಪ ಇದ್ದಾನೆ, ತನ್ನ ಅಪ್ಪ ಮಾತ್ರ ಇಲ್ಲ. ರೆಕ್ಕೆ ಬಲಿತ ಸ್ವಲ್ಪ ದಿನಕ್ಕೆ ಗೂಡು ಬಿಟ್ಟು ಹೋದರೆ ಮತ್ತೆ ಯಾರೂ ಅವನನ್ನು ವಿಚಾರಿಸುವುದಿಲ್ಲ. ಅಂಥವನ ಬಾಲದ ತುದಿಯಲ್ಲೇ ಪ್ರಕೃತಿ ತನ್ನ ಕುಸುರಿ ಕೆಲಸವನ್ನೆಲ್ಲ ಮಾಡಿಟ್ಟಿದೆ. ಹೊರಗೆ ಅಗಲವಾದ ಎರಡು ಹಿಡಿಕೆ, ಅವುಗಳ ಒಳಗೆ ಎರಡು ಪುಟ್ಟ ಚಿಮಟ, ನಡುವೆ ಬೀಜ ದಾಟಿಸುವ ಕೊಳವೆ. ಪಟ್ಟೆ, ಬಣ್ಣ, ರೆಕ್ಕೆ ಎಲ್ಲವೂ ಒಂದೇ ಅಚ್ಚಿನಲ್ಲಿ ಹುಯ್ದಂತಿರುವ ಎರಡು ಪ್ರಭೇದಗಳನ್ನು ಬೇರೆ ಮಾಡಿ ತೋರಿಸುವುದು ಎಷ್ಟೋ ಸಲ ಆ ಚಿಮಟದ ಬಾಗು ಒಂದೇ.

ನಿವೃತ್ತಿಗೆ ಮುಂಚೆ ಆಕೆ ಒಂದು ಪುಸ್ತಕ ಮುಗಿಸಬೇಕಿತ್ತು. ಆ ಸೀಮೆಯ ಎಲ್ಲ ಕಣಜಗಳನ್ನೂ ಗುರುತಿಸುವ ಪುಸ್ತಕ. ಎಲ್ಲ ಪ್ರಭೇದಗಳೂ ಮುಗಿದು ಒಂದು ಮಾತ್ರ ಉಳಿದಿತ್ತು. ಅದರ ಸರದಿ ಬಂದಾಗಲೆಲ್ಲ ಆಕೆ ಚಹಾ ಕುಡಿಯಲು ಎದ್ದು ಹೋಗುತ್ತಿದ್ದಳು. ಯಾಕೆಂದರೆ ಆ ಕಣಜಕ್ಕೆ ಇದ್ದದ್ದು ಆಕೆಯದೇ ಹೆಸರು.

ಹೆಸರಿಟ್ಟವನನ್ನು ಕಾವಲುಗಾರ ಕರೆಯುತ್ತಿದ್ದದ್ದು ಉದ್ದಪ್ಪ ಎಂದು. ಉಗ್ರಾಣದ ಬಾಗಿಲಿಗೆ ದಿನಕ್ಕೊಮ್ಮೆಯಾದರೂ ಹಣೆ ಹೊಡೆಸಿಕೊಳ್ಳುತ್ತಿದ್ದ ಉದ್ದನೆಯ ಆಸಾಮಿ. ಆಕೆ ಆಗಿನ್ನೂ ಕೆಲಸಕ್ಕೆ ಸೇರಿದ ಹೊಸತು. ಬೇರೆ ಊರಿನ ಸಂಗ್ರಹಾಲಯದಿಂದ ಎರಡು ವರ್ಷದ ಮಟ್ಟಿಗೆ ಬಂದಿದ್ದ ಅವನಿಗೆ ಆಕೆಯ ಮೇಜಿನ ಇನ್ನೊಂದು ಬದಿಯನ್ನು ಕೊಟ್ಟಿದ್ದರು. ಹುಳು ಬಿಡಿಸಿ ಸ್ಲೈಡು ಮಾಡುವುದು ಆಕೆ, ನೋಡಿ ಚಿತ್ರ ಬರೆಯುವುದು ಅವನು. ಕೈ ಕೆಲಸದಲ್ಲಿ, ಬಾಯಿ ಜಗಳದಲ್ಲಿ. ಆ ಜಗಳವಾದರೂ ಎಂಥದು? ಗಂಡಿನ ಅಂಗ ಪ್ರಭೇದಕ್ಕೊಂದು ಆಕಾರ ಯಾಕೆ ತಳೆಯಿತು ಎಂಬುದು.

"ಬೀಗ, ಕೀಲಿ. ಅಷ್ಟೇ ರೀ," ಎನ್ನುತ್ತಿದ್ದ ಉದ್ದಪ್ಪ. "ಬೇರೆ ಜಾತಿಯವನ ಕೀಲಿ ಈ ಬೀಗಕ್ಕೆ ಕೂರಬಾರದು. ಅದಕ್ಕೇ ಬೇರೆ ಬೇರೆ ಆಕಾರ."

"ಬೀಗಕ್ಕೆ ಮನಸ್ಸು ಅಂತ ಇರುತ್ತಾ? ಹೆಣ್ಣಿಗೆ ಇದೆ. ಅವನು ಹೇಗೆ ಹಿಡೀತಾನೆ, ಹೇಗೆ ಸವರ್ತಾನೆ ಅಂತ ನೋಡಿ, ಬೇಕೋ ಬೇಡವೋ ಅಂತ ಅವಳು ತೀರ್ಮಾನ ಮಾಡ್ತಾಳೆ. ಅವಳು ಒಪ್ಪಿದ ಆಕಾರ ಮಕ್ಕಳಿಗೆ ಹೋಯ್ತು, ಒಪ್ಪದೇ ಇದ್ದದ್ದು ಅಲ್ಲಿಗೇ ನಿಂತುಹೋಯ್ತು. ಲಕ್ಷಾಂತರ ವರ್ಷ ಹೀಗೇ ನಡೆದ್ರೆ ಒಂದೊಂದು ಕಡೆ ಒಂದೊಂದು ರೂಪ ಬಂದೇ ಬರುತ್ತೆ. ಇದು ಕೀಲಿ ಅಲ್ಲ, ಬಾಗಿಲು ತಟ್ಟೋ ರೀತಿ."

"ಈ ಕಣಜಗಳಲ್ಲಿ ಬಹಳಷ್ಟು ಹೆಣ್ಣುಗಳು ಜೀವಮಾನದಲ್ಲಿ ಒಂದೇ ಸಲ ಕೂಡೋದು. ಅದರಲ್ಲಿ ಆರಿಸೋಕೆ ಏನು ಬಂತು?"

"ಒಂದೇ ಸಲ ಅಂದ್ರೆ ಇನ್ನೂ ನೋಡಿ ಮಾಡಿ ಆರಿಸ್ತಾಳೆ," ಎಂದಿದ್ದಳು ಆಕೆ. ಹೇಳಿದ ಮೇಲೆ ಕಿವಿ ಬಿಸಿಯಾಗಿತ್ತು. ಉದ್ದಪ್ಪ ಪೆನ್ಸಿಲ್ಲು ಕೆತ್ತುತ್ತಾ ಕೂತ. ಇಬ್ಬರೂ ಕಣಜಗಳ ಬಗ್ಗೆಯೇ ಮಾತಾಡುತ್ತಿದ್ದೇವೆ ಎಂದು ಇಬ್ಬರೂ ನಟಿಸಿದರು. ಎರಡು ವರ್ಷವೂ ಹಾಗೇ ನಟಿಸಿದರು, ಪಾಪ.

ಅವಧಿ ಮುಗಿದು ಅವನು ತನ್ನೂರಿಗೆ ಹೋದ, ಮದುವೆಯಾದ. ಅದಾಗಿ ಕೆಲವು ತಿಂಗಳಿಗೆ ಅಂಚೆಯಲ್ಲಿ ಒಂದು ಮುದ್ರಿತ ಲೇಖನ ಬಂತು. ಗುಡ್ಡದ ಮೇಲಿನ ಒಂದು ಗೂಡಿನಿಂದ ತಂದಿದ್ದ ಒಂದೇ ಒಂದು ಗಂಡಿನ ಚಿಮಟ ಹೊರಕ್ಕೆ ಬಾಗಿತ್ತು, ಆದ್ದರಿಂದ ಅದು ಹೊಸ ಪ್ರಭೇದ ಎಂದು ಅದರಲ್ಲಿತ್ತು. ಅದಕ್ಕೆ ಆಕೆಯ ಹೆಸರು. ಕೆಳಗೆ ಒಂದು ಸಾಲು: 'ಮಾದರಿಯನ್ನು ಸಿದ್ಧಪಡಿಸಿದ ನುರಿತ ಕೈಗೆ ಕೃತಜ್ಞತೆಯಾಗಿ.' ಆವತ್ತು ಕೋಣೆಯ ಬಾಗಿಲು ಹಾಕಿಕೊಂಡು ಆಕೆ ಅತ್ತದ್ದು ಯಾರಿಗೂ ತಿಳಿಯದು. ಆಮೇಲೆ ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಇದು ಮರ್ಯಾದೆಗೆ ಇಟ್ಟ ಹೆಸರು, ಎಲ್ಲ ಕಡೆ ಇಡುತ್ತಾರೆ, ಇದರಲ್ಲಿ ಬೇರೇನೂ ಹುಡುಕಬಾರದು ಎಂದು. ಆದರೂ ಹುಡುಕುತ್ತಲೇ ಇದ್ದಳು. ಬೇರೆಯವರ ಪಾಲಿಗೆ ಗಂಡ, ಮಕ್ಕಳು, ಫೋಟೋ ತುಂಬಿದ ಗೋಡೆ ಇರುವ ಜಾಗದಲ್ಲಿ ಆಕೆಯ ಪಾಲಿಗೆ ಆ ಒಂದು ಸಾಲು ಇತ್ತು.

ಅಕ್ಕನಿಗಂತೂ ಅದು ಮನೆತನದ ಹೆಮ್ಮೆ. ಈಗ ಪುಸ್ತಕ ಮುಗಿಯಲು ಬಂದಿದ್ದ ವಾರವೂ ಫೋನು ಮಾಡಿದ್ದಳು.

"ಲೇ, ನಮ್ಮ ಹೊಸ ಬೀಗರಿಗೆ ಹೇಳಿದೆ ಕಣೆ, ನನ್ನ ತಂಗಿ ಹೆಸರಲ್ಲಿ ಒಂದು ಕಣಜಾನೇ ಇದೆ ಅಂತ. ಬಾಯ್ಬಿಟ್ಕೊಂಡು ಕೂತ್ರು."

"ಯಾಕೆ ಇಟ್ರು ಅಂತ ಕೇಳಲಿಲ್ವಾ?"

"ಕೇಳಿದ್ರು. ಅದರ ಮೂತಿ ಬೇರೆ ಥರ ಇದೆ ಅಂದೆ. ಇನ್ನೇನು, ಇದ್ದದ್ದನ್ನ ಇದ್ದ ಹಾಗೆ ಹೇಳಿ ಮಾನ ಕಳ್ಕೊಳ್ಳಾ?" ಎಂದು ಅಕ್ಕ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆಮೇಲೆ ದನಿ ತಗ್ಗಿಸಿ, "ರಿಟೈರಾದ್ಮೇಲೆ ಇಲ್ಲಿಗೇ ಬಂದ್ಬಿಡು. ಒಬ್ಬಳೇ ಅಲ್ಲಿ ಏನ್ ಮಾಡ್ತೀಯ?" ಎಂದಳು. ಕಣಜಮ್ಮ ನೋಡೋಣ ಎಂದಳು. ಅಕ್ಕನ ಮನೆಯಲ್ಲಿ ಜನ ತುಂಬಿದ್ದರು. ಅವರ ನಡುವೆ ಕೂತಾಗಲೇ ಆಕೆಗೆ ಹೆಚ್ಚು ಒಂಟಿ ಎನಿಸುತ್ತಿದ್ದದ್ದನ್ನು ಅಕ್ಕನಿಗೆ ಹೇಗೆ ಹೇಳುವುದು?

ಪುಸ್ತಕ ಮುಗಿಯಬೇಕಾದರೆ ಆ ಕಣಜವನ್ನು ಸಾಮಾನ್ಯ ಕಣಜದಿಂದ ಬೇರೆ ಮಾಡುವುದು ಹೇಗೆಂದು ಬರೆಯಬೇಕಿತ್ತು. ಒಂದೇ ಹುಳು ಸಾಲದು. ಅದಕ್ಕಾಗಿ ಆಕೆ ಆ ಗುಡ್ಡದ ಅರಣ್ಯ ರಕ್ಷಕನಿಗೆ ಹೇಳಿಕಳಿಸಿ, ಅದೇ ಜಾಗದ ಗೂಡುಗಳಿಂದ ಗಂಡುಗಳನ್ನು ತರಿಸಿದಳು. ಹತ್ತಿಯಲ್ಲಿ ಸುತ್ತಿದ ಹುಳುಗಳು ಡಬ್ಬಿಯೊಂದರಲ್ಲಿ ಬಂದವು. ಒದ್ದೆ ಪೆಟ್ಟಿಗೆಯಲ್ಲಿಟ್ಟು ಮೆತ್ತಗೆ ಮಾಡಿ, ಬಾಲದ ತುದಿಯಿಂದ ಚಿಪ್ಪನ್ನು ಕೊಕ್ಕೆಸೂಜಿಯಲ್ಲಿ ಎಳೆದು, ಕಾಸ್ಟಿಕ್ ನೀರಿನಲ್ಲಿ ಮಾಂಸ ಕರಗಿಸಿ, ಒಂದೊಂದನ್ನೇ ಗ್ಲಿಸರಿನ್ ಹನಿಯಲ್ಲಿ ತೇಲಿಸಿ ನೋಡಿದಳು. ಎಲ್ಲದರ ಚಿಮಟವೂ ಒಳಕ್ಕೆ ಬಾಗಿತ್ತು. ಒಂದಾದರೂ ಹೊರಕ್ಕೆ ಬಾಗಿರಲಿಲ್ಲ. ಎಲ್ಲವೂ ಸಾಮಾನ್ಯ ಕಣಜಗಳೇ.

ಬೀರುವಿನಿಂದ ಹಳೆಯ ಸ್ಲೈಡು ತೆಗೆದಳು. ಜಗತ್ತಿನಲ್ಲಿ ಆ ಪ್ರಭೇದಕ್ಕೆ ಇದ್ದ ಪುರಾವೆ ಅದೊಂದೇ. ಎಷ್ಟೋ ಸಲ ಅಭಿಮಾನದಿಂದ ನೋಡಿದ್ದ ಅದನ್ನು ಮೊದಲ ಬಾರಿಗೆ ಅನುಮಾನದಿಂದ ನೋಡಿದಳು. ಹಿಡಿಕೆಗಳು ಅಗತ್ಯಕ್ಕಿಂತ ಚಪ್ಪಟೆಯಾಗಿ ಬಿಚ್ಚಿಕೊಂಡಿದ್ದವು. ಚಿಮಟ ಬಾಗಿತ್ತೋ, ಬಾಗಿಸಲ್ಪಟ್ಟಿತ್ತೋ?

ಆ ಕಾಲದಲ್ಲಿ ಈಗಿನಂತೆ ಹನಿಯಲ್ಲಿ ತೇಲಿಸಿ ನೋಡುವ ರೂಢಿ ಇರಲಿಲ್ಲ. ಚಿಪ್ಪನ್ನು ಅಂಟಿನ ಮೇಲಿಟ್ಟು ತೆಳುಗಾಜು ಮುಚ್ಚುತ್ತಿದ್ದರು. ಗಾಜನ್ನು ಒಂದು ಅಂಚಿನಿಂದ ಇಳಿಸಿ, ತನ್ನ ಭಾರಕ್ಕೆ ತಾನೇ ಕೂರಲು ಬಿಡಬೇಕು, ಬೆರಳಿನಿಂದ ಒತ್ತಬಾರದು. ಹೊಸಬರಿಗೆ ಮೊದಲ ದಿನ ಕಲಿಸುವ ಪಾಠವೇ ಅದು. ಒತ್ತಿದರೆ ಸಾಸಿವೆಯಷ್ಟು ಚಿಕ್ಕ ಚಿಪ್ಪು ಕೀಲು ಬಿಟ್ಟು ಹರಡಿಕೊಳ್ಳುತ್ತದೆ, ಇಲ್ಲದ ಆಕಾರ ಬರುತ್ತದೆ. ಆ ಕೋಣೆಯಲ್ಲಿ ಎಂದೂ ಒತ್ತದ ಕೈ ಎಂದರೆ ಆಕೆಯದು ಎಂದು ಎಲ್ಲರೂ ಹೇಳುತ್ತಿದ್ದರು.

ಖಚಿತವಾಗಿ ತಿಳಿಯಬೇಕಾದರೆ ಅಂಟು ಕರಗಿಸಿ ಗಾಜು ಎತ್ತಬೇಕು. ಎತ್ತಿದರೆ ಹಳೆಯ ರೂಪ ಹೋಯಿತು, ಮತ್ತೆ ಸಿಗುವುದಿಲ್ಲ. ಎತ್ತದಿದ್ದರೆ ಕೇಳುವವರು ಯಾರು? ಇನ್ನೊಂದು ಗಂಡು ಸಿಗಲಿಲ್ಲ ಎಂದು ಬರೆದು ಪುಸ್ತಕ ಮುಗಿಸಬಹುದು. ಬಹಳ ಅಪರೂಪದ್ದು ಎಂದೂ ಸೇರಿಸಬಹುದು. ಆಕೆ ಸ್ಲೈಡನ್ನು ಮೇಜಿನ ಮೇಲಿಟ್ಟು, ಎರಡು ಹೊತ್ತು ಅದರ ಸುತ್ತ ಓಡಾಡಿದಳು. ನನ್ನದು ಅಂತ ಇರೋದು ಇದೊಂದು, ಇದನ್ನೂ ನಾನೇ ಕೈಯಾರೆ ತೆಗೀಬೇಕಾ ಎಂದು ಜೋರಾಗಿಯೇ ಕೇಳಿಕೊಂಡಳು. ಆದರೆ ಸುಳ್ಳೆಂದು ಅನುಮಾನ ಬಂದ ಮೇಲೆ ಆ ಹೆಸರನ್ನು ಇಟ್ಟುಕೊಂಡು ಬಾಳುವುದು ಆಕೆಯ ಜಾಯಮಾನಕ್ಕೆ ಒಗ್ಗುವಂಥದ್ದಲ್ಲ. ಸ್ಲೈಡನ್ನು ದ್ರಾವಕದ ಬಟ್ಟಲಿಗೆ ಇಳಿಸಿ ಮುಚ್ಚಳ ಹಾಕಿದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಗಾಜು ಸಡಿಲವಾಗಿತ್ತು. ಸೂಜಿಯ ತುದಿಯಿಂದ ಅದನ್ನು ಎತ್ತಿದಳು. ಕೆಳಗಿನ ಚಿಪ್ಪು ನಿಧಾನವಾಗಿ ತನ್ನ ಹಳೆಯ ದುಂಡಗಿನ ರೂಪಕ್ಕೆ ಮರಳಿತು. ಬಲಗಡೆಯ ಚಿಮಟ ಒಳಕ್ಕೆ ತಿರುಗಿ ಕೂತಿತು. ಎಡಗಡೆಯದು ಅಲ್ಲೇ ಉಳಿಯಿತು. ಅದರ ಬುಡದಲ್ಲಿ ಕೂದಲಿನಷ್ಟು ಸಣ್ಣ ಸೀಳು ಇತ್ತು. ಸೂಜಿಯಿಂದ ಒಂಚೂರು ತಳ್ಳಿದೊಡನೆ ಅದೂ ಒಳಕ್ಕೆ ಬಾಗಿತು. ಅದು ಸಾಮಾನ್ಯ ಕಣಜವೇ. ಆಕೆಯ ಹೆಸರಿನ ಕಣಜ ಎಂಬುದು ಯಾವತ್ತೂ ಇರಲೇ ಇಲ್ಲ.

ಆಗ ನೆನಪಾಯಿತು. ನೆನಪಾಯಿತು ಎನ್ನುವುದಕ್ಕಿಂತ, ಇಷ್ಟು ವರ್ಷ ನೆನೆಯಲು ಬಿಡದೆ ಇಟ್ಟದ್ದನ್ನು ಆಗ ಒಳಗೆ ಬಿಟ್ಟುಕೊಂಡಳು. ಆವತ್ತು ಆಕೆ ಗಾಜು ಇಳಿಸುತ್ತಿದ್ದಾಗ ಉದ್ದಪ್ಪ ಬೆನ್ನ ಹಿಂದೆ ನಿಂತಿದ್ದ. "ಊರಿಂದ ಕಾಗದ ಬಂದಿದೆ ರೀ. ನಂಗೆ ಮದುವೆ ಗೊತ್ತು ಮಾಡಿದ್ದಾರೆ," ಎಂದಿದ್ದ. ಆಕೆ ತಿರುಗಿ ನೋಡಿರಲಿಲ್ಲ. "ಸಂತೋಷ" ಎಂದಿದ್ದಳು. ಕೈ ಮಾತ್ರ ತನ್ನ ಪಾಡಿಗೆ ತಾನು ಗಾಜಿನ ಮೇಲೆ ಹೆಬ್ಬೆರಳು ಊರಿತ್ತು.

ಹೆಸರಿಟ್ಟವನಿಗೆ ತಿಳಿಸದೆ ಆ ಹೆಸರನ್ನು ತೆಗೆಯುವುದು ಸರಿಯಲ್ಲ. ವರ್ಷಕ್ಕೊಮ್ಮೆ ಎರಡು ಸಾಲಿನ ಪತ್ರದ ಮಟ್ಟಿಗೆ ಉಳಿದಿದ್ದ ಪರಿಚಯ. ಆಕೆ ಫೋನು ಮಾಡಿದಳು. ಅವನ ಹೆಂಡತಿ ಎತ್ತಿಕೊಂಡಳು.

"ಅಯ್ಯೋ, ನೀವಾ! ನಿಮ್ಮ ಕಣಜದ ಚಿತ್ರ ನಮ್ಮನೆ ಗೋಡೆ ಮೇಲೇ ಇದೆ. ವಾರಕ್ಕೊಂದ್ಸಲ ಗಾಜು ಒರೆಸ್ತೀನಿ. ಅದು ಹುಳದ ಕೊಂಬೋ ಮೂಗೋ, ಇವತ್ತಿಗೂ ಇವರು ಬಾಯ್ಬಿಟ್ಟಿಲ್ಲ. ಇರಿ, ಕೊಡ್ತೀನಿ."

ಒಳ್ಳೆಯ ಹೆಂಗಸು. ಅದೇ ಸಂಕಟ. ಕೆಟ್ಟವಳಾಗಿದ್ದರೆ ಎಷ್ಟು ಅನುಕೂಲವಿತ್ತು ಎಂದು ಕಣಜಮ್ಮನಿಗೆ ಅನಿಸಿ, ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಅಷ್ಟರಲ್ಲಿ ಉದ್ದಪ್ಪನ ದನಿ ಬಂತು. ಮುದಿಯಾಗಿತ್ತು, ಆದರೆ ಅದೇ ದನಿ.

"ಪುಸ್ತಕಕ್ಕೆ ಅಂತ ಗುಡ್ಡದಿಂದ ಗಂಡುಗಳನ್ನ ತರಿಸಿದ್ದೆ," ಎಂದಳು ಆಕೆ. "ಎಲ್ಲಾ ಸಾಮಾನ್ಯ ಕಣಜವೇ. ನಮ್ಮ ಸ್ಲೈಡಿನ ಮೇಲೆ ಅನುಮಾನ ಬಂತು. ಒತ್ತಿ ಹೋಗಿದೆ ಅನ್ಸುತ್ತೆ."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು.

"ಎಡಗಡೆ ಚಿಮಟದ ಬುಡ ಸೀಳಿರಬೇಕು," ಎಂದ.

ಗಾಜಿನ ಕೆಳಗೆ ಕಾಣುವ ಸೀಳಲ್ಲ ಅದು. ಗಾಜು ಎತ್ತಿದವರಿಗೆ ಕಾಣಬೇಕು, ಇಲ್ಲವೇ ಅದು ಸೀಳಿದ ಗಳಿಗೆಯಲ್ಲಿ ಬೆನ್ನ ಹಿಂದೆ ನಿಂತು, ಎಡಗಡೆ ಊರಿದ ಹೆಬ್ಬೆರಳು ಕಂಡು ಚಿಟ್ಟೆಂದ ಸದ್ದು ಕೇಳಿದವರಿಗೆ ಗೊತ್ತಿರಬೇಕು.

"ನಿಮಗೆ ಗೊತ್ತಿತ್ತು," ಎಂದಳು.

"ಹೂಂ."

"ಒತ್ತಿದ್ದು ಗೊತ್ತಿತ್ತು. ಹೊಸ ಪ್ರಭೇದ ಅಲ್ಲ ಅಂತಾನೂ ಗೊತ್ತಿತ್ತು."

"ಯಾಕೆ ಒತ್ತಿದ್ರಿ ಅನ್ನೋದೂ ಗೊತ್ತಿತ್ತು," ಎಂದ ಉದ್ದಪ್ಪ, ಹೆಂಡತಿಗೆ ಕೇಳಿಸದಷ್ಟು ಮೆಲ್ಲಗೆ. "ಅಲ್ಲಿ ಮಾತು ಕೊಟ್ಟಾಗಿತ್ತು ರೀ. ನಿಮ್ಮ ಹೆಸರಿಡೋದು ಬಿಟ್ಟು ನಾನು ಬೇರೆ ಏನು ತಾನೇ ಮಾಡಬಹುದಿತ್ತು, ಹೇಳಿ."

"ಬಾಯ್ಬಿಟ್ಟು ಒಂದು ಮಾತು ಹೇಳಬಹುದಿತ್ತು."

ಸಿಟ್ಟು ನೆತ್ತಿಗೇರಿತ್ತು. ಇಷ್ಟು ವರ್ಷ ಒಂದು ಸುಳ್ಳನ್ನು ಎದೆಗೆ ಅವಚಿಕೊಂಡು ಕೂರುವಂತೆ ಮಾಡಿದವನ ಮೇಲೆ ಸಿಟ್ಟು. ಆ ಸಿಟ್ಟಿನ ಅಡಿಯಲ್ಲೇ, ತಡೆದರೂ ನಿಲ್ಲದೆ, ಸಂತೋಷ ಉಕ್ಕುತ್ತಿತ್ತು. ಅವನಿಗೆ ತಿಳಿದಿತ್ತು. ಆ ಕೋಣೆಯಲ್ಲಿ ಆಕೆ ಒಬ್ಬಳೇ ಇರಲಿಲ್ಲ. ಇಷ್ಟು ತಡವಾಗಿ ಬಂದ ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯದೆ ಆಕೆ ಮೇಜಿನ ಅಂಚನ್ನು ಹಿಡಿದುಕೊಂಡು ನಿಂತಳು.

"ನೋಡಿ," ಎಂದ ಉದ್ದಪ್ಪ, "ಅದನ್ನ ಹಾಗೇ ಬಿಟ್ಬಿಡಿ. ಯಾರಿಗೆ ಏನು ನಷ್ಟ? ಆ ಗಾಜು ಎತ್ತೋದು ಬೇಡ. ನಾವಿಬ್ರೂ ಇರೋವರೆಗಾದ್ರೂ ಅದೊಂದು ಇರಲಿ."

"ಎತ್ತಾಯ್ತು," ಎಂದಳು ಕಣಜಮ್ಮ. "ಈಗ ಎದುರಿಗೇ ಇದೆ. ಎರಡೂ ಒಳಕ್ಕೆ ಬಾಗಿದೆ."

ದೂರದಲ್ಲಿ ಹೆಂಡತಿ ಮಾತ್ರೆಯ ಹೊತ್ತಾಯಿತು ಎಂದು ಕರೆಯುವುದು ಕೇಳಿಸಿತು. ಅವನು ಬಂದೆ ಎಂದ. ಆದರೆ ಫೋನು ಇಡಲಿಲ್ಲ.

"ನನಗೆ ಗೊತ್ತಿತ್ತು ಅಂತ ಬರೀತೀರಾ?"

"ಇಲ್ಲ."

"ಮತ್ತೆ?"

"ಅಲ್ಲಿ ಆದದ್ದನ್ನ ಬರೀತೀನಿ," ಎಂದು ಆಕೆಯೇ ಫೋನು ಇಟ್ಟಳು.

ಅಳು ಬರಬಹುದೆಂದು ಕಾದು ಕೂತಳು, ಬರಲಿಲ್ಲ. ಅಕ್ಕ ತನ್ನ ಬೀಗರಿಗೆ ಏನು ಹೇಳುತ್ತಾಳೋ ಎಂದು ಯೋಚಿಸಿದಳು. ಆಮೇಲೆ ಹಾಳೆ ಎಳೆದುಕೊಂಡು, ದಿನಗಟ್ಟಲೆ ತಪ್ಪಿಸಿಕೊಂಡು ತಿರುಗಿದ್ದ ಆ ಭಾಗವನ್ನು ಒಂದೇ ಉಸಿರಿಗೆ ಬರೆದಳು. ಇದುವರೆಗೆ ಬೇರೆ ಪ್ರಭೇದವೆಂದು ಎಣಿಸಿದ್ದ ಈ ಕಣಜ ಸಾಮಾನ್ಯ ಕಣಜವೇ ಆಗಿದ್ದು, ಈ ಹೆಸರನ್ನು ಇನ್ನು ಬಳಸಬಾರದು. ಚಿಮಟದ ಹೊರಬಾಗು ಹುಟ್ಟಿನಿಂದ ಬಂದದ್ದಲ್ಲ, ಸ್ಲೈಡು ಸಿದ್ಧಪಡಿಸುವಾಗ ಗಾಜಿನ ಮೇಲೆ ಬಿದ್ದ ಹೆಬ್ಬೆರಳಿನ ಒತ್ತಡದಿಂದ ಆದದ್ದು. ಯಾರ ಹೆಬ್ಬೆರಳು ಎಂಬುದನ್ನು ಬರೆಯಲೇಬೇಕೆಂಬ ನಿಯಮವೇನೂ ಇರಲಿಲ್ಲ. ಆಕೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು. ಯಾಕೆ ಒತ್ತಿತು ಎಂದು ಆ ಶಾಸ್ತ್ರದಲ್ಲಿ ಯಾರೂ ಕೇಳುವುದಿಲ್ಲ.